ಸಂಧ್ಯಾಳ ಗಿಟಾರು ಶ್ರುತಿಗೆ ನಿಂತದ್ದು

ನಾನು ಜೀವಮಾನವಿಡೀ ಮಾಡಿದ ಕೆಲಸ ಯಾವುದೆಂದು ಸರಕಾರಿ ಕಾಗದಗಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ರೇಷನ್ ಕಾರ್ಡಿಗೆ ಅರ್ಜಿ ಕೊಟ್ಟಾಗ ‘ಬಡಗಿ’ ಎಂದು ಬರೆದುಕೊಂಡರು. ಇನ್ನೊಮ್ಮೆ ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಗೆ ಜನಗಣತಿಗೆ ಬಂದ ಶಾಲೆಯ ಅಕ್ಕೋರು ಕೇಳಿದಾಗ ‘ವಾದ್ಯ ರಿಪೇರಿ’ ಎಂದೆ. ಅವರು ಪೆನ್ನು ಎತ್ತಿ, “ಹಾಗಾದ್ರೆ ಬಾರಿಸ್ತೀರಿ ಅನ್ನಿ” ಎಂದರು.

“ಇಲ್ಲ, ನಂಗೆ ಒಂದೂ ಬಾರಿಸೂಕೆ ಬರೂದಿಲ್ಲ.”

“ಬಾರಿಸೂಕೆ ಬರದೆ ರಿಪೇರಿ ಹ್ಯಾಂಗೆ ಮಾಡ್ತೀರಿ?”

ಉತ್ತರ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ‘ಇತರೆ’ ಎಂದು ಗೀಚಿ ಪಕ್ಕದ ಮನೆಗೆ ಹೋದರು. ಈಚೆಗೆ ಈ ಕೆಲಸಕ್ಕೆ ಇಳಿದ ಒಂದಿಬ್ಬರು ಯುವಕರು ಮನೆಗೆ ಬಂದು ಅದನ್ನೇ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ನನಗೆ ತಿಳಿದದ್ದಕ್ಕಿಂತ ನಾನು ಕೆಡಿಸಿದ್ದೇ ಇದರಲ್ಲಿ ಹೆಚ್ಚಿರಬಹುದು. ಕೆಡಿಸಿದ್ದು ನೆನಪಿದ್ದಷ್ಟು ಚೆನ್ನಾಗಿ ಸರಿಮಾಡಿದ್ದು ನೆನಪಿರುವುದಿಲ್ಲ.

ಅಂಗಡಿ ಇದ್ದದ್ದು ಕಾರವಾರ ಪೇಟೆಯಲ್ಲಿ. ಯಜಮಾನರು ಶಾಂತಾರಾಮ ಮಾಸ್ತರು. ನಾನು ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದೆ. ಮಾಸ್ತರರ ಮನೆಮಾತು ಕೊಂಕಣಿ, ನನ್ನೊಡನೆ ಕನ್ನಡ, ಹಾರ್ಮೋನಿಯಂ ಜೊತೆ ಮಾತ್ರ ಮೌನ. ಪೆಟ್ಟಿಗೆ ಬಿಚ್ಚಿ, ಹಿತ್ತಾಳೆಯ ಸ್ವರಪಟ್ಟಿಯನ್ನು ಒಂದು ಸಣ್ಣ ಬ್ಲೇಡಿನಿಂದ ತುಸು ಕೆರೆದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ಕೂದಲೆಳೆ ಹೆಚ್ಚು ಕೆರೆದರೆ ಆ ಪಟ್ಟಿ ಗುಜರಿಗೆ ಹೋಯಿತು. ಅವರು ಕೆರೆದು ಹಾಳು ಮಾಡಿದ ಒಂದೇ ಒಂದು ಪಟ್ಟಿಯನ್ನು ನಾನು ಕಂಡಿಲ್ಲ.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ನಮ್ಮಲ್ಲಿ ಊರೂರಿಗೆ ಆರ್ಕೆಸ್ಟ್ರಾ ಹುಟ್ಟಿಕೊಂಡಿತು. ಮದುವೆಗೆ, ಗಣಪತಿಗೆ, ಅಂಗಡಿ ಉದ್ಘಾಟನೆಗೆ, ಎಲ್ಲದಕ್ಕೂ ಆರ್ಕೆಸ್ಟ್ರಾ. ಗೋವಾದಿಂದ, ಮುಂಬಯಿಯಿಂದ ರೈಲಿನಲ್ಲಿ ಗಿಟಾರುಗಳು ಬಂದು ಇಳಿದವು. ಮೊದಲನೆಯ ಎಲೆಕ್ಟ್ರಿಕ್ ಗಿಟಾರು ಅಂಗಡಿಗೆ ಬಂದಾಗ ಮಾಸ್ತರು ಅದನ್ನು ಮುಟ್ಟದೆ, ಬೆರಳಿನಿಂದ ನನ್ನ ಮೇಜು ತೋರಿಸಿದರು. “ಬೊಮ್ಮಯ್ಯ, ಕರೆಂಟಿನ ಸಾಮಾನು ನಿಂದು. ನಂಗೆ ಬೇಡ.” ಹೀಗೆ ನಾನು ಗಿಟಾರು ರಿಪೇರಿಯವನಾದೆ.

ಆದ ಕೂಡಲೇ ಮಾಡಿದ ಮೊದಲ ಅನಾಹುತವನ್ನು ಹೇಳಿಬಿಡುತ್ತೇನೆ. ಚರ್ಚಿನಲ್ಲಿ ಹಾಡುವ ತಂಡದವರು ಒಂದು ಮರದ ಗಿಟಾರು ತಂದು, ತಂತಿ ಬದಲಿಸಿ ಕೊಡಿ ಎಂದರು. ಅದಕ್ಕಿದ್ದದ್ದು ನೈಲಾನ್ ತಂತಿ. ನನ್ನ ಹತ್ತಿರ ಇದ್ದದ್ದು ಉಕ್ಕಿನ ತಂತಿ. ಉಕ್ಕು ಗಟ್ಟಿ, ಹೆಚ್ಚು ದಿನ ಬಾಳಿಕೆ ಬರುತ್ತದೆ, ಸದ್ದೂ ಜಾಸ್ತಿ ಎಂದು ನಾನೇ ಯೋಚಿಸಿ ಅದನ್ನೇ ಬಿಗಿದು ಕೊಟ್ಟೆ. ಭಾನುವಾರ ಮದುವೆಯ ಹಾಡು ಅರ್ಧಕ್ಕೆ ಬಂದಿತ್ತಂತೆ. ನೈಲಾನಿನ ಎಳೆತಕ್ಕಷ್ಟೇ ಅಂಟಿಸಿದ್ದ, ತಂತಿಗಳ ಬುಡ ಹಿಡಿದಿಡುವ ಕೆಳಗಿನ ಮರದ ಪಟ್ಟಿ ಫಟ್ಟನೆ ಕಿತ್ತು ಹಾರಿ ಹೂದಾನಿಯೊಳಗೆ ಬಿತ್ತು. ಮದುಮಗಳು ನಗಲು ಶುರು ಮಾಡಿದವಳು ಫೋಟೋ ತೆಗೆಯುವವರೆಗೂ ನಿಲ್ಲಿಸಲಿಲ್ಲವಂತೆ. ಸೋಮವಾರ ಆ ಪಟ್ಟಿಯನ್ನು ಹೂವಿನ ಎಸಳಿನ ಸಮೇತ ತಂದುಕೊಟ್ಟರು. ಮಾಸ್ತರು ನನ್ನನ್ನು ಬೈಯಲಿಲ್ಲ. ಎಸಳನ್ನು ತೆಗೆದು ನನ್ನ ಅಂಗಿಯ ಕಿಸೆಗೆ ಸಿಕ್ಕಿಸಿದರು, ಅಷ್ಟೆ. ಆ ದಿನವಿಡೀ ಅದು ಅಲ್ಲೇ ಇರಬೇಕಾಯಿತು.

ಇನ್ನೊಮ್ಮೆ ಸುಂಕಸಾಳದ ಹೈವೇ ಬದಿಯ ಹೋಟೆಲಿನವರು ಬಂದರು. ಅವರ ಗಿಟಾರಿನ ಶ್ರುತಿ ಎರಡು ದಿನಕ್ಕೆ ಮೇಲೆ ನಿಲ್ಲುತ್ತಿರಲಿಲ್ಲ. ನೋಡಿದರೆ ತಂತಿ ಬಿಗಿಯುವ ಕೀಗಳ ತಿರುಪೆಲ್ಲ ಸಡಿಲ. ಬಿಗಿದು ಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂದರು, ಮತ್ತೆ ಸಡಿಲ. “ಇದನ್ನ ಎಲ್ಲಿ ಇಡ್ತೀರಿ?” ಎಂದು ಕೇಳಿದೆ. ಗಲ್ಲಾದ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕುತ್ತಾರಂತೆ. ಆ ಗೋಡೆಯ ಆಚೆಗೆ ಹೈವೇ. ಅದಿರಿನ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ಇಳಿಯುತ್ತಿದ್ದ ಕಾಲ ಅದು. ಲಾರಿ ಹೋದಾಗೆಲ್ಲ ಲೋಟ ಗಡಗಡ ಎನ್ನುವ ಗೋಡೆಯ ಮೇಲೆ ಗಿಟಾರೂ ನಡುಗುತ್ತಿತ್ತು. ಒಳಗಿನ ಮಂಚದ ಮೇಲೆ ಇಡಿ ಎಂದೆ. ರಿಪೇರಿ ಮುಗಿಯಿತು. ವಾದ್ಯದ ಕಾಯಿಲೆ ಕೆಲವೊಮ್ಮೆ ವಾದ್ಯದ ಹೊರಗಿರುತ್ತದೆ ಎಂದು ಅವತ್ತು ಕಲಿತೆ. ಕಲಿತದ್ದನ್ನು ಸರಿಯಾಗಿ ಒಂದು ವರ್ಷದೊಳಗೆ ಮರೆತೆ. ಆಗಲೇ ಸಂಧ್ಯಾ ಬಂದದ್ದು.

ಸಂಧ್ಯಾ ಅಂಕೋಲೆ ಹತ್ತಿರದ ಬೆಳಂಬಾರದವಳು. ತಂದೆ ವಾಮನಣ್ಣ ಸಮುದ್ರಕ್ಕೆ ಹೋಗುವವರು. ಅವಳು ಅಂಕೋಲೆಯಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಹಡಗಿನಲ್ಲಿ ಕೆಲಸ ಮಾಡುವ ಸೋದರಮಾವ ಯಾವುದೋ ಬಂದರಿನಲ್ಲಿ ಕೊಂಡು ತಂದ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಒಬ್ಬಳೇ ಕೂತು ಕಲಿತಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಆರ್ಕೆಸ್ಟ್ರಾದಲ್ಲಿ ಹಾಡುವುದಿತ್ತು. ಗಿಟಾರು ಹೆಗಲಿಗೆ ಹಾಕಿ ನಿಂತವಳನ್ನು ನಾನು ಅವಳೊಬ್ಬಳನ್ನೇ ಕಂಡದ್ದು. ಅಂಕೋಲೆಯ ಪ್ರಕಾಶ ಎಂಬವನ ತಂಡದಲ್ಲಿ ಅವಳಿದ್ದಳು. ಪ್ರಕಾಶ ಕೀಬೋರ್ಡ್ ನುಡಿಸುತ್ತಿದ್ದ, ತಂಡದ ಯಜಮಾನನೂ ಅವನೇ.

ಗಿಟಾರಿಗೆ ಚೀಲವಿರಲಿಲ್ಲ. ಹಳೆಯ ಚಾದರದಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಬಸ್ಸಿನಲ್ಲಿ ತಂದಿದ್ದಳು.

“ಅಣ್ಣಾ, ಇದು ಶ್ರುತಿಗೆ ನಿಲ್ಲೂದೇ ಇಲ್ಲ. ಒಂದು ಹಾಡು ಮುಗೂದ್ರೊಳಗೆ ಬೇರೆ ಆಗ್ತದೆ.”

ತಂತಿಗೆ ತುಕ್ಕು ಹಿಡಿದಿತ್ತು. ಕಡಲ ಗಾಳಿಯ ಊರಿನಲ್ಲಿ ಅದೇನು ದೊಡ್ಡದಲ್ಲ. ಹೊಸ ತಂತಿ ಹಾಕಬೇಕು. ಅವಳ ಗಿಟಾರಿಗೆ ಇದ್ದದ್ದು ತೆಳು ತಂತಿ. ಅಂಗಡಿಯಲ್ಲಿ ತೆಳುವಿನದು ಮುಗಿದು ದಪ್ಪದ್ದು ಮಾತ್ರ ಇತ್ತು. ದಪ್ಪ ತಂತಿ ಉಪ್ಪು ಗಾಳಿಗೆ ಹೆಚ್ಚು ತಡೆಯುತ್ತದೆ ಎಂದು ಸಮಾಧಾನ ಹೇಳಿಕೊಂಡು ಅದನ್ನೇ ಹಾಕಿ, ಅದರ ಎಳೆತಕ್ಕೆ ತಕ್ಕಂತೆ ಗಿಟಾರಿನ ಹಿಂಬದಿಯ ಸ್ಪ್ರಿಂಗುಗಳನ್ನೂ ಬಿಗಿದೆ. ಚರ್ಚಿನ ಗಿಟಾರಿನಿಂದ ನಾನು ಏನೂ ಕಲಿತಿರಲಿಲ್ಲ ಎಂದು ನೀವು ಅಂದುಕೊಂಡರೆ ತಪ್ಪಲ್ಲ. ಹೊಸ ತಂತಿಯನ್ನು ಬೆರಳಿನಿಂದ ಎಳೆದೆಳೆದು ಹದ ಮಾಡಿದೆ. ಹೊಸ ತಂತಿ ಹಾಗೆ ಎಳೆಯದಿದ್ದರೆ ಒಂದೆರಡು ದಿನ ಜಗ್ಗುತ್ತಲೇ ಇರುತ್ತದೆ. ಆಮೇಲೆ ನನ್ನ ಹೊಸ ಯಂತ್ರ ತೆಗೆದೆ.

ಆ ಯಂತ್ರದ ಬಗ್ಗೆ ಒಂದು ಮಾತು. ಶ್ರುತಿ ತೋರಿಸುವ ಪೆಟ್ಟಿಗೆ ಅದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ತಂತಿ ಮೀಟಿದರೆ ಮುಳ್ಳು ಅಲುಗಿ ನಡುವಿಗೆ ಬರುತ್ತದೆ. ನಡುವಿಗೆ ಬಂದರೆ ಹಸಿರು ದೀಪ. ಗೋವಾದ ಮಡಗಾಂವಿನಿಂದ ಅದನ್ನು ತಂದ ದಿನ ನಾನು ಇಡೀ ಅಂಗಡಿಯ ವಾದ್ಯಗಳನ್ನೆಲ್ಲ ಅದಕ್ಕೆ ಹಿಡಿದು ನೋಡಿದ್ದೆ. ಮಾಸ್ತರು ಒಮ್ಮೆ ಇಣುಕಿ, “ಇದಕ್ಕೆ ಕಿವಿ ಎಲ್ಲದೆ?” ಎಂದು ಕೇಳಿ ತಮ್ಮ ಜಾಗಕ್ಕೆ ಹೋಗಿದ್ದರು.

ಆರೂ ತಂತಿಗೆ ಆರು ಸಲ ಹಸಿರು ದೀಪ ಬಂತು. ಸಂಧ್ಯಾ ಸಂತೋಷದಿಂದ ಹೋದಳು. ನಾಲ್ಕನೆಯ ದಿನ ಚಾದರದ ಗಂಟಿನೊಂದಿಗೆ ತಿರುಗಿ ಬಂದಳು.

“ಮತ್ತೆ ಹಾಂಗೇ ಅಣ್ಣಾ. ಮೊದ್ಲಿಗಿಂತ ಜಾಸ್ತಿ.”

ಈ ಸಲ ಕೀಗಳ ಮೇಲೆ ಅನುಮಾನ ಬಂತು. ಆರೂ ಕೀ ಬಿಚ್ಚಿ ಬೇರೆ ಹಾಕಿದೆ. ಕುತ್ತಿಗೆಯನ್ನು ಹೊಟ್ಟೆಗೆ ಸೇರಿಸುವ ನಾಲ್ಕು ತಿರುಪು ಬಿಗಿದೆ. ಅರ್ಧ ದಿನ ಮೇಜಿನ ಮೇಲಿಟ್ಟು ಆಗಾಗ ಮೀಟಿ ನೋಡಿದೆ. ಹಸಿರು ದೀಪ ಬಿಟ್ಟರೆ ಬೇರೆ ಬಣ್ಣವೇ ಬರಲಿಲ್ಲ. “ಇನ್ನು ಅಲುಗಿದ್ರೆ ನನ್ನ ಹೆಸ್ರು ಬದಲು ಮಾಡ್ಕೊ” ಎಂದು ಹೇಳಿ ಕಳಿಸಿದೆ.

ಮುಂದಿನ ವಾರ ಬಂದವಳು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಂಟು ಬಿಚ್ಚಲೂ ಇಲ್ಲ.

“ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ ಅಣ್ಣಾ.”

“ಯಾಕೆ, ಎಂತಾ ಆಯ್ತು?”

ಅವಳ ತಂದೆ ಹೊಸ ದೋಣಿ ಕಟ್ಟಿಸಿದ್ದರು. ಇನ್ನು ಹತ್ತು ದಿನಕ್ಕೆ ಅದನ್ನು ನೀರಿಗಿಳಿಸುವ ಪೂಜೆ. ದೋಣಿ ಇಳಿಯುವಾಗ ಮಗಳ ತಂಡವೇ ಬಾರಿಸಬೇಕು ಎಂದು ಅವರ ಆಸೆ. ಹಿಂದಿನ ದಿನದ ಪ್ರಾಕ್ಟೀಸಿನಲ್ಲಿ ಪ್ರಕಾಶ ಎಲ್ಲರ ಎದುರಿಗೆ ಕೈ ಎತ್ತಿ ಹಾಡು ನಿಲ್ಲಿಸಿದನಂತೆ. ಗಿಟಾರಿಗೆ ಗೋವಾದಿಂದ ಬೇರೆಯವರನ್ನು ಕರೆಸುತ್ತೇನೆ, ನೀನು ಹಿಂದೆ ನಿಂತು ಕೋರಸ್ ಹಾಡು ಎಂದನಂತೆ.

“ಎರಡು ಸಲ ರಿಪೇರಿ ಮಾಡಿಸಿದ್ಮೇಲೂ ಹೀಂಗೆ ಅಂದ್ರೆ ಕೆಟ್ಟದ್ದು ಗಿಟಾರಲ್ಲ, ನಿನ್ನ ಕಿವಿ ಅಂದ. ನಂಗೂ ಹಾಂಗೇ ಕಾಣ್ತದೆ ಅಣ್ಣಾ. ನೀವು ಮಾಡಿ ಕೊಟ್ಟದ್ದು ಸರಿಯೇ ಇರ್ತದೆ. ನಾನೇ ತಿರುಗ್ಸಿ ತಿರುಗ್ಸಿ ಹಾಳು ಮಾಡ್ತೆ ಕಾಣ್ತದೆ.”

ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಹಸಿರು ದೀಪದ ಪೆಟ್ಟಿಗೆಯನ್ನು ಸುಮ್ಮನೆ ಒರೆಸುತ್ತಾ ನಿಂತೆ. ಆಗ ಒಳಗಿನಿಂದ ಮಾಸ್ತರರ ದನಿ ಬಂತು. ಹುಡುಗಿಯರನ್ನು ಅವರು ಕೊಂಕಣಿಯಲ್ಲಿ ‘ಬಾಯ್’ ಎಂದೇ ಕರೆಯುತ್ತಿದ್ದರು.

“ಬಾಯ್, ಒಳಗೆ ಬಾ ಇಲ್ಲಿ.”

ಮಾಸ್ತರು ತಮ್ಮ ಸ್ವಂತ ಹಾರ್ಮೋನಿಯಂ ಮುಂದೆ ಕೂತಿದ್ದರು. ಅದು ಮಾರಾಟಕ್ಕಿಲ್ಲದ್ದು. ಬೇರೆಯವರ ಪೆಟ್ಟಿಗೆಗಳನ್ನು ಅವರು ಸರಿಮಾಡುತ್ತಿದ್ದದ್ದು ಅದರ ಸ್ವರಕ್ಕೆ ಹೋಲಿಸಿಯೇ. ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

“ಎರಡು ಸ್ವರ ಕೊಡ್ತೆ. ಯಾವುದು ಮೇಲೆ ಹೇಳು.”

ಮೊದಲು ಸುಲಭದ್ದು. ಆಮೇಲೆ ಹತ್ತಿರ ಹತ್ತಿರದ್ದು. ಆಮೇಲೆ ಬ್ಲೇಡಿನಿಂದ ಕೆರೆಯಲೆಂದು ಇಟ್ಟಿದ್ದ ಬಿಡಿ ಸ್ವರಪಟ್ಟಿಗಳನ್ನು ಬಾಯಿಂದ ಊದಿ ಕೇಳಿಸಿದರು. ಅವುಗಳ ನಡುವಿನ ವ್ಯತ್ಯಾಸ ನನಗೆ ಗೊತ್ತೇ ಆಗಲಿಲ್ಲ. ಸಂಧ್ಯಾ ಒಂದಕ್ಕೂ ತಡಮಾಡಲಿಲ್ಲ. “ಎರಡನೇದು ಮೇಲೆ. ಮೊದ್ಲಿನದು ಮೇಲೆ. ಎರಡೂ ಒಂದೇ.” ಮಾಸ್ತರರ ಹುಬ್ಬು ಏರುತ್ತಾ ಹೋಯಿತು. ಕೊನೆಗೆ ಅವರು ಹಾರ್ಮೋನಿಯಂ ಮೇಲೆ ಮೂರು ಸ್ವರ ಒಟ್ಟಿಗೆ ಒತ್ತಿ, “ಇದು ಹ್ಯಾಂಗದೆ?” ಎಂದರು.

ಅವಳು ಗೋಡೆಯಿಂದ ಅರ್ಧ ತಿರುಗಿ ನನ್ನತ್ತ ನೋಡಿದಳು.

“ಹೇಳು ಬಾಯ್.”

“ಮಾಸ್ತರೇ, ತಪ್ಪಾದ್ರೆ ಬೈಬೇಡಿ. ನಡುವಿನದು ಸ್ವಲ್ಪ ಕೆಳಗದೆ.”

ನನಗೆ ನೆಲ ಬಿರಿಯಬಾರದೇ ಅನಿಸಿತು. ಕಾರವಾರದಲ್ಲಿ ಯಾರೂ, ನಾಟಕ ಕಂಪನಿಯ ಹಳೆಯ ಗಾಯಕರು ಕೂಡ, ಆ ಪೆಟ್ಟಿಗೆಯ ಬಗ್ಗೆ ಇಂಥ ಮಾತು ಆಡಿದ್ದಿಲ್ಲ. ಮಾಸ್ತರು ಅದೇ ಸ್ವರವನ್ನು ಒಂಟಿಯಾಗಿ ಒತ್ತಿದರು. ಮತ್ತೊಮ್ಮೆ ಒತ್ತಿದರು. ಪಕ್ಕದ ಸ್ವರದೊಂದಿಗೆ ಒತ್ತಿದರು. ಆಮೇಲೆ ನಿಧಾನವಾಗಿ ಪೆಟ್ಟಿಗೆ ಬಿಚ್ಚಿ, ಆ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಹಿತ್ತಾಳೆಯ ನಾಲಿಗೆಯ ತುದಿಗೆ ಸಾಸಿವೆಗಿಂತ ಸಣ್ಣ ಕೊಳೆಯೊಂದು ಅಂಟಿತ್ತು. ತುದಿ ಭಾರವಾದರೆ ಸ್ವರ ಇಳಿಯುತ್ತದೆ.

ಮಾಸ್ತರು ನಗಲು ಶುರು ಮಾಡಿದರು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು, ಆಮೇಲೆ ಕಣ್ಣಲ್ಲಿ ನೀರು. ಆ ನಗುವಿಗೆ ಎದುರಿನ ಬಟ್ಟೆ ಅಂಗಡಿಯವರು ಎದ್ದು ಬಂದು ನೋಡಿದರು. “ಇಷ್ಟು ದಿನದಿಂದ ನಾನು ಇದನ್ನೇ ಸರಿ ಅಂದ್ಕೊಂಡು ಊರಿಗೆಲ್ಲಾ ಶ್ರುತಿ ಮಾಡ್ತಾ ಬಂದೆ! ಬೊಮ್ಮಯ್ಯ, ಯಾರ್ಯಾರ ಪೆಟ್ಗೆ ಹಾಳು ಮಾಡಿದ್ನೋ ದೇವ್ರಿಗೇ ಗೊತ್ತು!” ಎಂದು ತೊಡೆ ತಟ್ಟಿದರು. ಮೊದಲು ಹೆದರಿ ನಿಂತಿದ್ದ ಸಂಧ್ಯಾಳಿಗೂ ಆಮೇಲೆ ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಮಾಸ್ತರು ನನ್ನ ಕಡೆ ತಿರುಗಿದರು. “ಇವಳ ಕಿವಿ ನನ್ನ ಕಿವಿಗಿಂತ ಚಲೋ ಅದೆ. ಅಂದ್ಮೇಲೆ ತಪ್ಪು ಗಿಟಾರಿಂದು, ಇಲ್ಲಾಂದ್ರೆ ನಿಂದು. ಮೇಜಿನ ಮೇಲೆ ಅದು ಸರಿ ಇರ್ತದೆ, ಅವಳ ಕೈಯಲ್ಲಿ ಕೆಡ್ತದೆ. ಅವಳ ಕೈಯಲ್ಲಿ ಹ್ಯಾಂಗೆ ಕೆಡ್ತದೆ ಹೋಗಿ ನೋಡು.”

ಭಾನುವಾರ ಬೆಳಿಗ್ಗೆ ಬೆಳಂಬಾರಕ್ಕೆ ಹೋದೆ. ಅವಳು ಅಭ್ಯಾಸ ಮಾಡುತ್ತಿದ್ದದ್ದು ಮನೆಯ ಪಕ್ಕದ ಬಲೆ ಇಡುವ ಕೊಟ್ಟಿಗೆಯಲ್ಲಿ. ಬಲೆಯ ರಾಶಿಗೆ ಒರಗಿ ವಾಮನಣ್ಣ ಹರಿದದ್ದನ್ನು ಹೊಲಿಯುತ್ತಿದ್ದರು. ನನ್ನನ್ನು ಕಂಡು ಜಾಗ ಮಾಡಿಕೊಟ್ಟರು. ಸಂಧ್ಯಾ ಗಿಟಾರು ಹೆಗಲಿಗೆ ಹಾಕಿಕೊಂಡಳು. ನುಡಿಸುವ ಮೊದಲು ಕಿಟಕಿಯ ಮೇಲೆ ಕೈಯಾಡಿಸಿ ಒಂದು ಬಾಗಿದ ಕಬ್ಬಿಣದ ಕಡ್ಡಿ ತೆಗೆದು, ಗಿಟಾರಿನ ಹೊಟ್ಟೆಯ ತೂತಿಗೆ ಸಿಕ್ಕಿಸಿ ತಿರುಗಿಸಿದಳು.

“ಅದೆಂತದು?” ಎಂದೆ.

“ಇದರ ಹ್ಯಾಂಡಲ್ ಅಣ್ಣಾ.”

“ಅಂಗಡಿಗೆ ಒಂದು ದಿನವೂ ತರಲಿಲ್ಲಲ್ಲ!”

“ಅದನ್ನ ಹಾಕಿದ್ರೆ ಚಾದರದಲ್ಲಿ ಸುತ್ತೂಕೆ ಆಗೂದಿಲ್ಲ. ಬಸ್ಸಲ್ಲಿ ಜನಕ್ಕೆ ಚುಚ್ತದೆ. ಅದ್ಕೆ ತೆಗ್ದು ಇಲ್ಲೇ ಇಡ್ತೆ.”

ಎಲೆಕ್ಟ್ರಿಕ್ ಗಿಟಾರು ಕಂಡವರಿಗೆ ಈ ಹ್ಯಾಂಡಲ್ ಗೊತ್ತು. ಅದನ್ನು ಒತ್ತಿದರೆ ತಂತಿಗಳ ಬುಡ ಬಾಗಿ ಆರೂ ತಂತಿ ಒಟ್ಟಿಗೆ ಸಡಿಲವಾಗುತ್ತವೆ, ಸ್ವರ ಜಾರುತ್ತಾ ಕೆಳಗಿಳಿಯುತ್ತದೆ. ಬಿಟ್ಟರೆ ಹಿಂದಿನ ಸ್ಪ್ರಿಂಗುಗಳು ಎಳೆದು ಮತ್ತೆ ಮೊದಲಿನ ಜಾಗಕ್ಕೆ ತರಬೇಕು. ಹ್ಯಾಂಡಲಿಗಾಗಿ ಇದ್ದ ತೂತು ನನ್ನ ಮೇಜಿನ ಮೇಲೆ ಎರಡು ಸಲ ನನ್ನ ಕಣ್ಣೆದುರಿಗೇ ಇತ್ತು. ಹ್ಯಾಂಡಲ್ ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವಳು ಒಂದು ಹಾಡು ನುಡಿಸಿದಳು. ಅಲೆ ಬಂದು ಹಿಂದಕ್ಕೆ ಸರಿದ ಹಾಗೆ ಸ್ವರವನ್ನು ಇಳಿಸಿ ಏರಿಸಿ ನುಡಿಸುತ್ತಿದ್ದಳು. ಸೊಗಸಾಗಿತ್ತು. ಮೂರನೆಯ ಸಲ ಹ್ಯಾಂಡಲ್ ಒತ್ತಿ ಬಿಟ್ಟಾಗ ಮೂರನೆಯ ತಂತಿ ತನ್ನ ಜಾಗಕ್ಕೆ ಬಾರದೆ ತುಸು ಮೇಲೆಯೇ ಉಳಿಯಿತು. ಈ ಸಲ ನನ್ನ ಕಿವಿಗೂ ತಿಳಿಯಿತು. ಅವಳು ಮುಖ ಸಣ್ಣ ಮಾಡಿ ಕೀ ತಿರುಗಿಸಿ ಇಳಿಸಿದಳು. ಎರಡು ಸಾಲು ನುಡಿಸುವಷ್ಟರಲ್ಲಿ ಅದೇ ತಂತಿ ಜಾರಿ ಕೆಳಗೆ ಬಂತು. ಮತ್ತೆ ಏರಿಸಿದಳು. ವಾಮನಣ್ಣ ಬಲೆಯಿಂದ ತಲೆ ಎತ್ತದೆ, “ಎಲ್ಲೋ ಸಿಕ್ಕಾಕ್ಕೊಳ್ತದೆ ಅದು” ಎಂದರು. ದಿನಾ ಹಗ್ಗ, ಗಾಳದ ದಾರ ಎಳೆಯುವವರ ಮಾತು. ನಾನು ಕೇಳಿಸಿಕೊಂಡೆ, ಆದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೊಳೆಯಲಿಲ್ಲ.

ಸೋಮವಾರ ಗಿಟಾರು, ಹ್ಯಾಂಡಲ್ ಎರಡನ್ನೂ ಅಂಗಡಿಗೆ ತಂದೆ. ಸಂಧ್ಯಾಳೂ ರಜೆ ಹಾಕಿ ಬಂದಳು. ನಾನು ಮುಳ್ಳಿನ ಮೇಲೆ ಕಣ್ಣಿಟ್ಟು ಮೂರನೆಯ ತಂತಿಯ ಕೀ ತಿರುಗಿಸುತ್ತಿದ್ದೆ. ಹಿಂದಿನಿಂದ ಮಾಸ್ತರು, “ನಿಲ್ಲು” ಎಂದರು. “ಮತ್ತೆ ತಿರುಗಿಸು. ನಿಧಾನ.”

ತಿರುಗಿಸಿದೆ.

“ಕೇಳಿಸ್ತಾ?”

“ಎಂತದು?”

“ಆ ಪೆಟ್ಗೆ ಮುಚ್ಚು. ಅದನ್ನ ನೋಡ್ತಾ ಇದ್ರೆ ನಿಂಗೆ ಕೇಳೂದಿಲ್ಲ.”

ಪೆಟ್ಟಿಗೆಯನ್ನು ಡ್ರಾಯರಿಗೆ ಹಾಕಿ ಮತ್ತೆ ತಿರುಗಿಸಿದೆ. ‘ಟಿಂಕ್’. ತೀರಾ ಸಣ್ಣ ಸದ್ದು, ಉಗುರಿನಿಂದ ಲೋಟ ತಾಗಿಸಿದಂತೆ. ಇನ್ನೊಂದು ಸುತ್ತು. ‘ಟಿಂಕ್’. ಸಂಧ್ಯಾ ಬಾಗಿ ಗಿಟಾರಿನ ತಲೆಯ ಹತ್ತಿರ ಕಿವಿ ಇಟ್ಟು, “ಇಲ್ಲಿ!” ಎಂದು ಬೆರಳು ತೋರಿಸಿದಳು.

ಕುತ್ತಿಗೆ ಮುಗಿದು ತಲೆ ಶುರುವಾಗುವಲ್ಲಿ ಒಂದು ಬಿಳಿ ಪಟ್ಟಿ ಇರುತ್ತದೆ. ಅದರ ಮೇಲೆ ಆರು ಸಣ್ಣ ಗೀರು. ಪ್ರತಿ ತಂತಿ ತನ್ನ ಗೀರಿನಲ್ಲಿ ಕೂತು ಕೀಯ ಕಡೆಗೆ ಹೋಗುತ್ತದೆ. ಹ್ಯಾಂಡಲ್ ಒತ್ತಿದಾಗ ತಂತಿ ಆ ಗೀರಿನಲ್ಲಿ ತುಸು ಜಾರಬೇಕು, ಬಿಟ್ಟಾಗ ಅಷ್ಟೇ ತಿರುಗಿ ಜಾರಬೇಕು. ಮೊದಲು ತುಕ್ಕಿನಿಂದಾಗಿ ಅಲ್ಲಿ ಜಾರುತ್ತಿರಲಿಲ್ಲ. ಆಮೇಲೆ ನಾನು ತೆಳು ತಂತಿಯ ಗೀರಿಗೆ ದಪ್ಪ ತಂತಿ ತುರುಕಿದ್ದೆ. ಅದು ಬೆಣೆ ಹೊಡೆದ ಹಾಗೆ ಕಚ್ಚಿ ಕೂತಿತ್ತು. ಹ್ಯಾಂಡಲ್ ಬಿಟ್ಟಾಗ ತಿರುಗಿ ಜಾರದೆ ಸ್ವರ ಮೇಲೆ ನಿಲ್ಲುತ್ತಿತ್ತು. ಅವಳು ಸರಿಮಾಡಿಕೊಂಡ ಮೇಲೆ ಟಿಂಕ್ ಎಂದು ಕಳಚಿ ಕೆಳಗೆ ಬೀಳುತ್ತಿತ್ತು. ಮೇಜಿನ ಮೇಲೆ ಯಾರೂ ಹ್ಯಾಂಡಲ್ ಒತ್ತುತ್ತಿರಲಿಲ್ಲ. ಅಲ್ಲಿ ಅದು ಕದಲುವುದಾದರೂ ಯಾಕೆ?

ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. “ಪ್ರಕಾಶ ನಿಂಗೆ ಅಂದ ಮಾತೆಲ್ಲ ನಂಗೆ ಸಲ್ಲಬೇಕಾದದ್ದು, ತಂಗಿ. ಕೆಡಿಸಿದವ ನಾನು.”

ಸಂಧ್ಯಾ ಆ ಬಿಳಿ ಪಟ್ಟಿಯ ಮೇಲೆ ಬೆರಳಾಡಿಸಿದಳು. “ಅಂದ್ರೆ ನಂಗೆ ಕೇಳ್ತಾ ಇದ್ದದ್ದು ಸರಿ.”

“ಎಲ್ಲಾ ಸರಿ.”

“ಹಾಂಗಾದ್ರೆ ಆಯ್ತಲ್ಲ ಅಣ್ಣಾ!” ಎಂದು ಅವಳು ಮಾಡಿದ ನಗು ಈಗಲೂ ನನಗೆ ಕಾಣುತ್ತದೆ. ಸಿಟ್ಟು ಮಾಡಿಕೊಳ್ಳಲು ಅವಳಿಗೆ ಎಲ್ಲ ಕಾರಣವಿತ್ತು. ಅವಳ ಕಿವಿ ಅವಳಿಗೆ ತಿರುಗಿ ಸಿಕ್ಕಿದ ಖುಷಿಯಲ್ಲಿ ಅದು ನೆನಪಾದಂತೆ ಕಾಣಲಿಲ್ಲ.

ಗೀರನ್ನು ನುಣುಪು ಮಾಡಲು ಕೂದಲಿನಷ್ಟು ಸಣ್ಣ ಅರ ಬೇಕು. ಅಂಥದ್ದು ನಮ್ಮಲ್ಲಿರಲಿಲ್ಲ. ಆಗ ನನಗೆ ಬೈತಖೋಲದ ಬಂದರಿನಲ್ಲಿ ಬೋಟು ರಿಪೇರಿ ಮಾಡುವ ಗ್ಯಾಸ್ ವೆಲ್ಡಿಂಗಿನವರು ನೆನಪಾದರು. ಗ್ಯಾಸ್ ಬರುವ ಮೂತಿಯ ಸಣ್ಣ ತೂತು ಕಟ್ಟಿದರೆ ಬಿಡಿಸಲು ಅವರ ಹತ್ತಿರ ಸೂಜಿಗಳ ಒಂದು ಗೊಂಚಲಿರುತ್ತದೆ. ಒಂದೊಂದು ಸೂಜಿ ಒಂದೊಂದು ದಪ್ಪ, ಮೈಯೆಲ್ಲ ಅರದಂತೆ ಗರಗರ. ಹೋಗಿ ಕೇಳಿದೆ. ಗಿಟಾರಿಗೆ ಎಂದಾಗ ವೆಲ್ಡಿಂಗಿನವರು ಕಪ್ಪು ಕನ್ನಡಕ ಹಣೆಗೇರಿಸಿ ನನ್ನನ್ನು ಎರಡು ಸಲ ನೋಡಿದರು, ಆದರೆ ಕೊಟ್ಟರು. ಆ ಗೊಂಚಲಿನಂಥದ್ದನ್ನೇ ಆಮೇಲೆ ಕೊಂಡು ನಿವೃತ್ತಿಯಾಗುವವರೆಗೂ ಬಳಸಿದೆ.

ಮಡಗಾಂವಿನಿಂದ ತೆಳು ತಂತಿ ತರಿಸಿದೆವು. ಗೀರುಗಳನ್ನು ಸೂಜಿಯಿಂದ ಉಜ್ಜಿದೆ. ಪ್ರತಿಯೊಂದಕ್ಕೂ ಪೆನ್ಸಿಲಿನ ಸೀಸ ಗೀಚಿ ತುಂಬಿಸಿದೆ. ಸೀಸದ ಪುಡಿಯ ಮೇಲೆ ತಂತಿ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಹ್ಯಾಂಡಲ್ ಸಿಕ್ಕಿಸಿ ಸಂಧ್ಯಾಳ ಕೈಗೆ ಕೊಟ್ಟೆ. ಅವಳು ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು. ಮಾಸ್ತರು ಗೋಡೆಗೆ ಮುಖ ಮಾಡಿ ನಿಂತು ಒಂದೊಂದು ಸಲಕ್ಕೂ “ಹ್ಞೂಂ” ಎನ್ನುತ್ತಿದ್ದರು. ಇಪ್ಪತ್ತು ಸಲ ಆದ ಮೇಲೆ ತಿರುಗಿ, “ಬರೆಂ ಜಾಲೆಂ” ಎಂದರು. ಚೆನ್ನಾಯಿತು ಎನ್ನಲು ಅವರಿಗೆ ಕೊಂಕಣಿಯೇ ಬೇಕಿತ್ತು. ಹೊಸ ಕೆಲಸಗಾರರಿಗೆ ನಾನು ಹೇಳುವುದಿಷ್ಟೆ. ವಾದ್ಯವನ್ನು ಅದರ ಒಡೆಯರು ನುಡಿಸುವ ಹಾಗೆ ನುಡಿಸಿ ತೋರಿಸಲು ಹೇಳಿ. ನಿಮಗೆ ಬಾರಿಸಲು ಬರಬೇಕಾಗಿಲ್ಲ. ಅವರಿಗೆ ಬರುತ್ತದೆ.

ಸಂಧ್ಯಾ ಪ್ರಕಾಶನಿಗೆ ಏನು ಹೇಳಿದಳೋ, ಗೋವಾದವರು ಬರಲಿಲ್ಲ. ದೋಣಿ ಪೂಜೆಯ ಬೆಳಿಗ್ಗೆ ಮಾಸ್ತರೂ ನಾನೂ ಬೆಳಂಬಾರದ ದಂಡೆಗೆ ಹೋದೆವು. ಹಸಿರು ಬಣ್ಣದ ಹೊಸ ದೋಣಿಗೆ ಹೂವಿನ ಹಾರ, ಮೂಗಿಗೆ ಅರಿಶಿನ ಕುಂಕುಮ. ಮರಳ ಮೇಲೆ ಹಲಗೆ ಹಾಕಿ ತಂಡದವರು ನಿಂತಿದ್ದರು, ಹಿಂದೆ ಜನರೇಟರು ಗುರ್ ಎನ್ನುತ್ತಿತ್ತು. ಮಂಗಳಾರತಿ ಆದದ್ದೇ ಮೂವತ್ತು ನಲವತ್ತು ಗಂಡಸರು ದೋಣಿಗೆ ಹೆಗಲು ಕೊಟ್ಟರು. ವಾಮನಣ್ಣ ಎಲ್ಲರಿಗಿಂತ ಮುಂದೆ. ಹಾಡು ಶುರುವಾಯಿತು.

ಸಂಧ್ಯಾ ಮೊದಲ ಸಲ ಹ್ಯಾಂಡಲ್ ಒತ್ತಿದಾಗ ನಾನು ಮಾಸ್ತರರ ತೋಳು ಹಿಡಿದುಕೊಂಡೆ. ಸ್ವರ ಕೆಳಗಿಳಿಯಿತು, ಎದ್ದು ಬಂದು ಸರಿಯಾದ ಜಾಗದಲ್ಲಿ ನಿಂತಿತು. ಎರಡನೆಯ ಸಲ, ಮೂರನೆಯ ಸಲ, ಐದನೆಯ ಸಲ. ಪ್ರಕಾಶ ಕೀಬೋರ್ಡಿನಿಂದ ಅವಳ ಕಡೆಗೆ ನೋಡುತ್ತಲೇ ಇದ್ದ. ಜನ “ಹೈಸಾ!” ಎಂದು ಕೂಗಿ ದೂಡಿದರು. ದೋಣಿ ಮರಳಿನಲ್ಲಿ ಜಾರಿ ಮೂತಿ ನೀರಿಗಿಟ್ಟಿತು. ಆ ಗಳಿಗೆಗೇ ಗಿಟಾರಿನಿಂದ ‘ಪಟ್’ ಎಂದು ಕೇಳಿಸಿತು. ಮೊದಲನೆಯ ತಂತಿ ಕಡಿದು ಗಾಳಿಯಲ್ಲಿ ನೇತಾಡಿತು. ತಪ್ಪು ಮತ್ತೆ ನನ್ನದೇ. ಬುಡದಲ್ಲಿ ತಂತಿ ಕೂರುವ ಕಬ್ಬಿಣದ ಅಂಚು ಹರಿತವಾಗಿದ್ದದ್ದನ್ನು ಉಜ್ಜಿರಲಿಲ್ಲ.

ಇಂಥ ಗಿಟಾರಿನಲ್ಲಿ ಒಂದು ತಂತಿ ಹೋದರೆ ಎಳೆತ ತಪ್ಪಿ ಉಳಿದ ಐದೂ ಕೆಡುತ್ತವೆ. ಆದರೆ ಕೆಡಲಿಲ್ಲ. ದಪ್ಪ ತಂತಿಗೆಂದು ಹಿಂದೆ ಬಿಗಿದಿದ್ದ ಸ್ಪ್ರಿಂಗುಗಳನ್ನು ನಾನು ಹಾಗೇ ಬಿಟ್ಟಿದ್ದೆ. ತೆಳು ತಂತಿಯ ಎದುರಿಗೆ ಅವು ಬುಡವನ್ನು ಮರಕ್ಕೆ ಒತ್ತಿ ಹಿಡಿದಿದ್ದವು. ಮರೆತು ಬಿಟ್ಟ ಕೆಲಸ ಕೈ ಹಿಡಿದದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಸಂಧ್ಯಾ ಒಂದು ಕ್ಷಣ ಕಿವಿಗೊಟ್ಟಳು, ಐದೂ ಸರಿ ಇವೆ ಎಂದು ಗೊತ್ತಾಗಿ ಹಲ್ಲು ಕಾಣುವಂತೆ ನಕ್ಕು, ಐದೇ ತಂತಿಯಲ್ಲಿ ಹಾಡು ಮುಂದುವರಿಸಿದಳು. ದೋಣಿ ಪೂರ್ತಿ ತೇಲಿತು. ಸೊಂಟದವರೆಗಿನ ನೀರಿನಲ್ಲಿ ನಿಂತು ವಾಮನಣ್ಣ ಎರಡೂ ಕೈ ಮೇಲೆತ್ತಿದರು. ಅದು ದೋಣಿಗೋ ಮಗಳಿಗೋ ತಿಳಿಯಲಿಲ್ಲ.

ಹಾಡು ಮುಗಿದ ಮೇಲೆ ನಾನು ಹೊಸ ತಂತಿ ಹಿಡಿದು ಹಲಗೆಯ ಹತ್ತಿರ ಓಡಿದೆ. ಅವಳು ತಂತಿ ಇಸಕೊಂಡು, “ನಾನೇ ಹಾಕ್ತೆ ಅಣ್ಣಾ” ಎಂದು ಅಲ್ಲೇ ಮಂಡಿಯೂರಿ ಕೂತು ಹಾಕಿದಳು. ಎಳೆದು ಹದ ಮಾಡಿ, ಯಾವ ಪೆಟ್ಟಿಗೆಯೂ ಇಲ್ಲದೆ ಕಿವಿಯಿಂದಲೇ ಶ್ರುತಿಗೆ ತಂದಳು. ಅಷ್ಟರಲ್ಲಿ ಬೇಸ್ ಗಿಟಾರಿನವ ತನ್ನ ಕೀ ತಿರುಗಿಸುತ್ತಾ ಗೊಣಗುತ್ತಿದ್ದ. ಬಿಸಿಲಿಗೆ ಅವನದು ಇಳಿದಿತ್ತು. ಕೀಬೋರ್ಡಿನ ಸ್ವರ ಜನರ ಗಲಾಟೆಯಲ್ಲಿ ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ.

ಪ್ರಕಾಶ ಕೀಬೋರ್ಡಿನಿಂದ ಕೈ ತೆಗೆದು ಅವನ ಹೆಗಲು ತಟ್ಟಿದ.

“ಸಂಧ್ಯಾಳ ಹತ್ರ ಹೋಗು. ಅವಳು ಶ್ರುತಿ ಕೊಡ್ತಾಳೆ, ಹಿಡ್ಕೊ.”

ಸಂಧ್ಯಾ ಎದ್ದು ನಿಂತು ಆರರಲ್ಲಿ ಎಲ್ಲಕ್ಕಿಂತ ದಪ್ಪದ ತಂತಿಯನ್ನು ಒಮ್ಮೆ ಮೀಟಿದಳು. ಬೇಸ್‌ನವ ತನ್ನದನ್ನು ಅದಕ್ಕೆ ಸೇರಿಸತೊಡಗಿದ. ಅವಳು ಕಣ್ಣು ಮುಚ್ಚಿ ಕೇಳುತ್ತಾ, ಕೈಯಿಂದ ‘ಇನ್ನೂ ಮೇಲೆ, ಇನ್ನೂ ಮೇಲೆ’ ಎಂದು ತೋರಿಸುತ್ತಿದ್ದಳು.
​